ಯುದ್ಧದ ಕಥೆಯನ್ನು ಓದಿದವರು

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ ಚೌಡಾಪುರ ಎಂಬ ಊರಿದೆ. ಗಾಣಗಾಪುರದ ದತ್ತ ಕ್ಷೇತ್ರಕ್ಕೆ ಹೋಗುವವರು ಮುಖ್ಯ ರಸ್ತೆಯನ್ನು ಬಿಟ್ಟು ತಿರುಗಬೇಕಾದದ್ದು ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಈ ಊರಿನ ಶಾಲಾ ಮಕ್ಕಳ ಮುಂದೆ ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಮಧ್ಯಾಹ್ನದ ಬಿಸಿಲು, ಊಟವಾದ ಹೊತ್ತು. ಸಮೀಕರಣಗಳಿಂದ ಆರಂಭಿಸಿದರೆ ಮಕ್ಕಳು ನಿದ್ದೆ ಮಾಡುವುದು ಖಂಡಿತವೆಂದು ತಿಳಿದು, ಎರಡು ಅಮೆರಿಕನ್ ವೈಜ್ಞಾನಿಕ ಕಾದಂಬರಿಗಳ ಕಥೆ ಹೇಳಿದೆ. ಎರಡೂ ಭವಿಷ್ಯದ ಯುದ್ಧದ ಕಥೆಗಳು.

ಮೊದಲನೆಯದು ಮುಗಿದ ಕೂಡಲೇ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಸರ್, ಆ ಅಂಗಿ ನಮ್ಮ ಮಿಲಿಟರಿಯಾಗ ಅದಾವೇನ್ರಿ?" ಎಂದು ಕೇಳಿದ. ಅವನಿಗೆ ಉತ್ತರ ಹೇಳುವಷ್ಟರಲ್ಲಿ ಹುಡುಗಿಯೊಬ್ಬಳು, "ಆ ಹುಳಗೋಳು ಏನ್ ತಪ್ಪು ಮಾಡಿದ್ವು ಸರ್?" ಎಂದಳು.

ಒಂದೇ ಕಥೆ, ಎರಡು ಪ್ರಶ್ನೆ. ಆ ಕಾದಂಬರಿ ಪ್ರಕಟವಾದ ದಿನದಿಂದ ಅದರ ಓದುಗರು ಕೇಳುತ್ತ ಬಂದಿರುವುದೂ ಹೆಚ್ಚು ಕಡಿಮೆ ಇವೇ ಎರಡು ಪ್ರಶ್ನೆಗಳನ್ನು. ಆ ಓದುಗರ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕಾದಂಬರಿಯ ಹೆಸರು 'ಸ್ಟಾರ್‌ಶಿಪ್ ಟ್ರೂಪರ್ಸ್'. ಬರೆದವರು ರಾಬರ್ಟ್ ಹೈನ್‌ಲೈನ್. 1907ರಲ್ಲಿ ಹುಟ್ಟಿದ ಇವರು ಅಮೆರಿಕದ ನೌಕಾ ಅಕಾಡೆಮಿಯಲ್ಲಿ ಕಲಿತು 1929ರಲ್ಲಿ ನೌಕಾಪಡೆಯ ಅಧಿಕಾರಿಯಾದರು. ಕ್ಷಯರೋಗ ತಗುಲಿದ್ದರಿಂದ 1934ರಲ್ಲಿ ನಿವೃತ್ತಿ ಹೊಂದಬೇಕಾಯಿತು. ಯುದ್ಧರಂಗವನ್ನು ಅವರು ನೋಡಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ನೌಕಾ ಪ್ರಯೋಗ ಕೇಂದ್ರದಲ್ಲಿ ಎಂಜಿನಿಯರಾಗಿ ದುಡಿದರು. ನಮಗೆಲ್ಲ ಪರಿಚಿತರಾದ ಐಸಾಕ್ ಅಸಿಮೋವ್ ಅಲ್ಲಿ ಅವರ ಸಹೋದ್ಯೋಗಿ. ಸೈನ್ಯ ಸೇರಿಯೂ ಹೋರಾಡಲಾಗದೆ ಉಳಿದ ಒಬ್ಬ ವ್ಯಕ್ತಿ ಈ ಪುಸ್ತಕವನ್ನು ಬರೆದನೆಂಬುದನ್ನು ನೆನಪಿಡಿ. ಮುಂದೆ ಇದು ಬೇಕಾಗುತ್ತದೆ.

1958ರಲ್ಲಿ ಅಮೆರಿಕದ ಶಾಂತಿವಾದಿಗಳು ಪರಮಾಣು ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟರು. ಹೈನ್‌ಲೈನ್ ಇದರಿಂದ ಕೆರಳಿ, ಅದಕ್ಕೆ ವಿರುದ್ಧವಾಗಿ ತಾವೇ ಹಣ ತೆತ್ತು ಒಂದು ಪ್ರಕಟಣೆ ಹಾಕಿಸಿದರು. ಬರೆಯುತ್ತಿದ್ದ ಬೇರೊಂದು ಕಾದಂಬರಿಯನ್ನು ಬದಿಗಿಟ್ಟು 'ಸ್ಟಾರ್‌ಶಿಪ್ ಟ್ರೂಪರ್ಸ್' ಬರೆದರು. ಅದು ಮಕ್ಕಳಿಗಾಗಿ ಬರೆದದ್ದು. ಅದುವರೆಗೆ ಅವರ ಕಿಶೋರ ಕಾದಂಬರಿಗಳನ್ನು ತಪ್ಪದೆ ಪ್ರಕಟಿಸುತ್ತಿದ್ದ ಸ್ಕ್ರಿಬ್ನರ್ಸ್ ಸಂಸ್ಥೆ ಇದನ್ನು ಮಾತ್ರ ಹಿಂತಿರುಗಿಸಿತು. ಹೀಗೆ ಪುಸ್ತಕಕ್ಕೆ ಸಿಕ್ಕ ಮೊದಲ ಪ್ರತಿಕ್ರಿಯೆಯೇ ನಿರಾಕರಣೆ. 1959ರ ಕೊನೆಯಲ್ಲಿ ಬೇರೆ ಪ್ರಕಾಶಕರು ಅದನ್ನು ಹೊರತಂದರು. ಮರುವರ್ಷವೇ ಓದುಗರ ಮತದಿಂದ ನಿರ್ಧಾರವಾಗುವ ಹ್ಯೂಗೋ ಪ್ರಶಸ್ತಿ ಅದಕ್ಕೆ ಬಂತು.

ಕಥೆ ಸರಳ. ಹ್ವಾನ್ ರಿಕೋ ಎಂಬ ತರುಣ ಸೈನ್ಯಕ್ಕೆ ಸೇರುತ್ತಾನೆ, ಕಠಿಣ ತರಬೇತಿ ಪಡೆಯುತ್ತಾನೆ, ಬಾಹ್ಯಾಕಾಶದ ದೈತ್ಯ ಕೀಟಗಳ ಜೊತೆ ಹೋರಾಡಿ ಅಧಿಕಾರಿಯಾಗುತ್ತಾನೆ. ಆದರೆ ಈ ಸಮಾಜದಲ್ಲಿ ಒಂದು ನಿಯಮವಿದೆ: ಸ್ವಇಚ್ಛೆಯಿಂದ ಕನಿಷ್ಠ ಎರಡು ವರ್ಷ ಸರ್ಕಾರಿ ಸೇವೆ ಸಲ್ಲಿಸಿದವರಿಗೆ ಮಾತ್ರ ಮತದಾನದ ಹಕ್ಕು. ಪುಟಗಟ್ಟಲೆ ಶಾಲಾ ಪಾಠಗಳ ರೂಪದಲ್ಲಿ ಈ ವ್ಯವಸ್ಥೆಯನ್ನು ಸಮರ್ಥಿಸಲಾಗಿದೆ. ಇದೇ ಜಗಳಕ್ಕೆ ಮೂಲ. ವೈಜ್ಞಾನಿಕ ಕಥೆಗಾರರು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದ ಒಂದು ಸಣ್ಣ ಪತ್ರಿಕೆಯಲ್ಲಿ ಈ ಬಗ್ಗೆ ಕಾಗದಗಳ ಮೇಲೆ ಕಾಗದ ಬಂದವು. ಇದು ಸೈನಿಕ ಸರ್ವಾಧಿಕಾರದ ಹೊಗಳಿಕೆ ಎಂದರು ಕೆಲವರು. ಹೊಣೆಗಾರಿಕೆಯಿಲ್ಲದ ಹಕ್ಕು ಇರಬಾರದೆಂದಷ್ಟೇ ಇದರ ಅರ್ಥವೆಂದರು ಕೆಲವರು. ಎಷ್ಟೋ ವರ್ಷಗಳ ನಂತರ, 1980ರಲ್ಲಿ, ಹೈನ್‌ಲೈನ್ ಉತ್ತರ ಕೊಟ್ಟರು: ತಮ್ಮ ಕಾದಂಬರಿಯ 'ಸೇವೆ' ಹೆಚ್ಚಾಗಿ ನಾಗರಿಕ ಸೇವೆಯೇ ಹೊರತು ಸೈನ್ಯವಲ್ಲ ಎಂದು. ಓದುಗರು ಪುಸ್ತಕವನ್ನು ಮತ್ತೆ ತೆರೆದು ಸಾಲು ಸಾಲಾಗಿ ನೋಡಿದರು. ಲೇಖಕ ಹೇಳಿದ್ದು ಪುಸ್ತಕದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲವೆಂದು ಹಲವರು ತೋರಿಸಿಕೊಟ್ಟರು. ಪ್ರಯೋಗಶಾಲೆಯಲ್ಲಿ ನಾವು ಮಕ್ಕಳಿಗೆ ಹೇಳುವುದೂ ಇದನ್ನೇ ಅಲ್ಲವೆ? ಬರೆಯಬೇಕೆಂದುಕೊಂಡದ್ದನ್ನಲ್ಲ, ಟಿಪ್ಪಣಿ ಪುಸ್ತಕದಲ್ಲಿ ಬರೆದಿರುವುದನ್ನು ನೋಡಬೇಕು.

ಇನ್ನೊಂದು ವಿಷಯ ಕೆಲವು ಓದುಗರ ಕಣ್ಣಿಗೆ ತಡವಾಗಿ ಬಿತ್ತು. ರಿಕೋ ಮನೆಯಲ್ಲಿ ಆಡುವುದು ಫಿಲಿಪೀನ್ಸಿನ ಟಗಲಾಗ್ ಭಾಷೆ ಎಂದು ಕೊನೆಯ ಪುಟಗಳಲ್ಲಿ ಗೊತ್ತಾಗುತ್ತದೆ. ಅದುವರೆಗೆ ಅವನನ್ನು ಬಿಳಿಯನೆಂದೇ ಭಾವಿಸಿರುತ್ತೇವೆ. ಕಪ್ಪು ಜನಾಂಗದ ಅಮೆರಿಕನ್ ಲೇಖಕ ಸ್ಯಾಮ್ಯುಯೆಲ್ ಡಿಲೇನಿ, ಓದಿನಲ್ಲಿ ನಾಯಕ ಬಿಳಿಯನಲ್ಲವೆಂದು ತಿಳಿದದ್ದು ತಮ್ಮ ಮೇಲೆ ಮಾಡಿದ ಪರಿಣಾಮವನ್ನು ಬರೆದಿದ್ದಾರೆ. ಪುಸ್ತಕದ ರಾಜಕೀಯವನ್ನು ಒಪ್ಪದವರೂ ಅದರಲ್ಲಿ ತಮಗೆ ಬೇಕಾದದ್ದೊಂದನ್ನು ಕಂಡುಕೊಂಡರು.

ಈಗ ಹುಡುಗನ ಅಂಗಿಗೆ ಬರೋಣ. ಕಾದಂಬರಿಯ ಸೈನಿಕರು ತೊಡುವ ಲೋಹದ ಕವಚ ಅವರ ಕೈಕಾಲುಗಳ ಚಲನೆಯನ್ನು ಒಳಗಿನ ಒತ್ತಡ ಸಂವೇದಕಗಳಿಂದ ಗ್ರಹಿಸಿ, ಅದೇ ಚಲನೆಯನ್ನು ಹಲವು ಪಟ್ಟು ಹೆಚ್ಚಿಸಿ ಮಾಡುತ್ತದೆ. ಸೈನಿಕ ಕೈ ಎತ್ತಿದರೆ ಕವಚ ಕೈ ಎತ್ತುತ್ತದೆ. ಒತ್ತಡ ಕಡಿಮೆಯಾದೊಡನೆ ನಿಲ್ಲುತ್ತದೆ. ಇದು ಋಣ ಫೀಡ್‌ಬ್ಯಾಕ್ ತತ್ವ. ನಿಮ್ಮ ಮನೆಯ ಫ್ರಿಜ್ಜಿನ ಥರ್ಮೋಸ್ಟಾಟ್ ಕೆಲಸ ಮಾಡುವುದೂ ಹೀಗೆಯೇ. ಬರೆದದ್ದು ಎಂಜಿನಿಯರ್ ಎಂಬುದು ಇಲ್ಲಿ ಎದ್ದು ಕಾಣುತ್ತದೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1965ರಲ್ಲಿ ಸೈನ್ಯದ ನೆರವಿನಿಂದ 'ಹಾರ್ಡಿಮನ್' ಎಂಬ ಇಂಥದೇ ಕವಚವನ್ನು ಕಟ್ಟಲು ತೊಡಗಿತು. ಮನುಷ್ಯನೊಬ್ಬ ಸುಮಾರು 680 ಕಿಲೋಗ್ರಾಂ ಭಾರ ಎತ್ತುವಂತಾಗಬೇಕೆಂಬುದು ಗುರಿ. ಯಂತ್ರದ ತೂಕವೇ ಹೆಚ್ಚು ಕಡಿಮೆ ಅಷ್ಟಿತ್ತು! ಒಂದು ತೋಳನ್ನು ಕೆಲಸ ಮಾಡುವಂತೆ ಮಾಡಲು ಅವರಿಂದಾಯಿತು. ಇಡೀ ಯಂತ್ರವನ್ನು ಚಾಲೂ ಮಾಡಿದಾಗಲೆಲ್ಲ ಅದು ಹಿಡಿತ ತಪ್ಪಿ ಒದ್ದಾಡುತ್ತಿತ್ತು. ಚಾಲೂ ಆದ ಯಂತ್ರದೊಳಗೆ ಮನುಷ್ಯನನ್ನು ನಿಲ್ಲಿಸುವ ಧೈರ್ಯವನ್ನು ಯಾರೂ ಮಾಡಲಿಲ್ಲ. 1970ರ ದಶಕದ ಆರಂಭದಲ್ಲಿ ಯೋಜನೆ ನಿಂತುಹೋಯಿತು. ಸಂವೇದಕ ಗ್ರಹಿಸಿ, ಮೋಟಾರು ಚಲಿಸುವುದರೊಳಗೆ ಆಗುವ ಅಲ್ಪ ವಿಳಂಬವೇ ಸಾಕು, ತಿದ್ದುವ ಫೀಡ್‌ಬ್ಯಾಕ್ ಕೆಡಿಸುವ ಫೀಡ್‌ಬ್ಯಾಕ್ ಆಗಲು. ಸಭೆಗಳಲ್ಲಿ ಮೈಕು ಕಿರುಚುವುದನ್ನು ನೀವು ಕೇಳಿಲ್ಲವೆ? ಅಂಥ ಕಿರುಚಾಟ ನಿಮ್ಮ ಮೊಣಕೈಯಲ್ಲಿ ಆದರೆ ಹೇಗಿದ್ದೀತೆಂದು ಊಹಿಸಿಕೊಳ್ಳಿ.

ವೇಗದ ಕಂಪ್ಯೂಟರುಗಳೂ ಹಗುರ ಬ್ಯಾಟರಿಗಳೂ ಬಂದ ಮೇಲೆ ಈ ಕೆಲಸಕ್ಕೆ ಮರುಜೀವ ಬಂದಿದೆ. ನಮ್ಮಲ್ಲಿಯೂ ರಕ್ಷಣಾ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಗೆ ಸೇರಿದ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ಸೈನಿಕರ ಹೊರೆ ಹಗುರ ಮಾಡುವ ಹೊರಕವಚಗಳ ಮೇಲೆ ಕೆಲಸ ಮಾಡುತ್ತಿದೆ. ಅಂಗಹೀನರಿಗೆ ಕೃತಕ ಅಂಗ ರೂಪಿಸುವುದೂ ಅದೇ ಪ್ರಯೋಗಾಲಯದ ಕೆಲಸಗಳಲ್ಲಿ ಒಂದು. ಹುಡುಗನಿಗೆ ನಾನು ಹೇಳಿದ ಉತ್ತರ ಇಷ್ಟೇ: ಹಾರುವ ಅಂಗಿ ಇಲ್ಲ, ಭಾರ ಹೊರಲು ನೆರವಾಗುವ ಕಾಲುಗಳು ಬರುತ್ತಿವೆ. ಅವನಿಗೆ ಸ್ವಲ್ಪ ನಿರಾಸೆಯಾಯಿತು.

ಹುಳುಗಳ ವಿಚಾರ ಬೇರೆ. ಮನುಷ್ಯನಿಗಿಂತ ದೊಡ್ಡ ಕೀಟ ನಿಲ್ಲಲಾರದು. ಉದ್ದ ಹತ್ತು ಪಟ್ಟಾದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 100 ಪಟ್ಟಾಗುತ್ತದೆ, ತೂಕ 1000 ಪಟ್ಟಾಗುತ್ತದೆ. ಉಸಿರಾಟದ ಸಣ್ಣ ನಳಿಕೆಗಳೂ ಅಷ್ಟು ದೂರ ಆಮ್ಲಜನಕವನ್ನು ಒಯ್ಯಲಾರವು. ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಈ ಬಗ್ಗೆ ಸೊಗಸಾದ ಪ್ರಬಂಧ ಬರೆದಿದ್ದರು. ಈ ವಿಜ್ಞಾನಿ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮುಂದೆ ಬರುವ ಹಾಲ್ಡೆಮನ್ ಬೇರೆ, ಹೆಸರು ಹತ್ತಿರವಿದೆ ಎಂದು ಗೊಂದಲ ಬೇಡ.

ಜೋ ಹಾಲ್ಡೆಮನ್ 1943ರಲ್ಲಿ ಹುಟ್ಟಿದವರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಮತ್ತು ಖಗೋಳವಿಜ್ಞಾನ ಓದಿ 1967ರಲ್ಲಿ ಪದವಿ ಪಡೆದರು. ಆ ಕೂಡಲೇ ಕಡ್ಡಾಯ ಸೈನ್ಯ ಸೇವೆಯ ಕರೆ ಬಂತು. ವಿಯೆಟ್ನಾಮಿನಲ್ಲಿ ಸ್ಫೋಟಕಗಳ ಕೆಲಸ ಮಾಡುವ ಎಂಜಿನಿಯರ್ ದಳದಲ್ಲಿದ್ದು, ತೀವ್ರವಾಗಿ ಗಾಯಗೊಂಡು ಮರಳಿದರು. 'ದಿ ಫಾರೆವರ್ ವಾರ್' ಅವರ ಕಾದಂಬರಿ. 18 ಪ್ರಕಾಶಕರು ಅದನ್ನು ತಿರಸ್ಕರಿಸಿದರು. ವಿಯೆಟ್ನಾಂ ಬಗ್ಗೆ ಓದಲು ಆಗ ಯಾರಿಗೂ ಮನಸ್ಸಿರಲಿಲ್ಲ. ಭಾಗ ಭಾಗವಾಗಿ 'ಅನಲಾಗ್' ಮಾಸಿಕದಲ್ಲಿ 1972ರಿಂದ ಬಂದಾಗಲೂ, ನಾಯಕ ಭೂಮಿಗೆ ಮರಳುವ ಭಾಗ ತೀರ ನಿರಾಶಾಜನಕವೆಂದು ಸಂಪಾದಕರು ಅದನ್ನು ಬೇರೆ ರೀತಿ ಬರೆಸಿದರು. ಮೂಲ ಭಾಗ ಪುಸ್ತಕದಲ್ಲಿ ಸೇರಿದ್ದು ಎಷ್ಟೋ ವರ್ಷಗಳ ಮೇಲೆ. ಕಾದಂಬರಿಗೆ ನೆಬ್ಯುಲಾ ಪ್ರಶಸ್ತಿಯೂ 1976ರಲ್ಲಿ ಹ್ಯೂಗೋ ಪ್ರಶಸ್ತಿಯೂ ಬಂದವು.

ಇದರ ನಾಯಕ ಮಂಡೆಲಾ ಭೌತವಿಜ್ಞಾನದ ವಿದ್ಯಾರ್ಥಿ. ಹೈನ್‌ಲೈನ್‌ನ ರಿಕೋ ತಾನಾಗಿ ಸೇರಿದರೆ, ಇವನನ್ನು ಬುದ್ಧಿವಂತನೆಂಬ ಕಾರಣಕ್ಕೆ ಎಳೆದೊಯ್ಯುತ್ತಾರೆ. ಇವನಿಗೂ ಕವಚವಿದೆ; ಆದರೆ ತರಬೇತಿಯಲ್ಲಿ ಆ ಕವಚವೇ ಜೊತೆಗಾರರನ್ನು ಕೊಲ್ಲುತ್ತದೆ. ಹಾರ್ಡಿಮನ್ ಎಂಜಿನಿಯರುಗಳು ಇದನ್ನು ಓದಿದ್ದರೆ ತಲೆದೂಗುತ್ತಿದ್ದರು. ಮೊದಲ ಕಾಳಗದಲ್ಲಿ ಎದುರಾಳಿಗಳಿಗೆ ಹೋರಾಡುವುದೇ ಗೊತ್ತಿರುವುದಿಲ್ಲ. ಸಂಮೋಹನಕ್ಕೆ ಒಳಗಾದ ಸೈನಿಕರು ಅವರನ್ನು ಕೊಚ್ಚಿಹಾಕುತ್ತಾರೆ. ಸಾವಿರ ವರ್ಷಕ್ಕೂ ಮೀರಿ ನಡೆದ ಯುದ್ಧ ಮುಗಿದ ಮೇಲೆ ತಿಳಿಯುವುದೇನು? ಎದುರಾಳಿ ಮೊದಲು ಗುಂಡು ಹಾರಿಸಿರಲೇ ಇಲ್ಲ. ಮಾತು ತಿಳಿಯದ್ದರಿಂದ ಕೇಳಲು ಆಗಿರಲಿಲ್ಲ, ಅಷ್ಟೆ. ಹುಡುಗಿಯ ಪ್ರಶ್ನೆಗೆ ಉತ್ತರ ಹೇಳುವಂತೆ ಬರೆದ ಕಾದಂಬರಿ ಇದು.

ಓದುಗರು ಇದನ್ನು ಹೈನ್‌ಲೈನ್‌ಗೆ ಕೊಟ್ಟ ಉತ್ತರವೆಂದೇ ಓದಿದರು. ಹಾಲ್ಡೆಮನ್ ಮಾತ್ರ ತಾವು ಬರೆದದ್ದು ವಿಯೆಟ್ನಾಂ ಕುರಿತು ಎನ್ನುತ್ತ ಬಂದರು. ಸ್ವತಃ ಹೈನ್‌ಲೈನ್ ಈ ಕಾದಂಬರಿಯನ್ನು ಮನಸಾರೆ ಮೆಚ್ಚಿಕೊಂಡರು. ಅಭಿಮಾನಿಗಳು ಇಂದಿಗೂ ಎರಡು ಪಕ್ಷವಾಗಿ ಕಾದಾಡುತ್ತಿರುವಾಗ ಇದು ತಮಾಷೆಯಾಗಿ ಕಾಣಬಹುದು.

ಈಗ ಭೌತವಿಜ್ಞಾನ. ಸೈನಿಕರು ಬೆಳಕಿನ ವೇಗಕ್ಕೆ ಸಮೀಪದಲ್ಲಿ ಪಯಣಿಸುವುದರಿಂದ ಅವರಿಗೆ ತಿಂಗಳುಗಳಾದರೆ ಭೂಮಿಯಲ್ಲಿ ದಶಕಗಳು, ಶತಮಾನಗಳು ಕಳೆಯುತ್ತವೆ. ಮನೆಗೆ ಬಂದ ಸೈನಿಕನಿಗೆ ಮನೆಯೇ ಪರದೇಶ. ಲೆಕ್ಕ ಹಾಕುವ ವಿಧಾನ ಹೈಸ್ಕೂಲು ಗಣಿತಕ್ಕೆ ಮೀರಿದ್ದಲ್ಲ. ನೌಕೆಯ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, 1ರಿಂದ ಕಳೆದು, ವರ್ಗಮೂಲ ತೆಗೆಯಿರಿ. ಭೂಮಿಯಲ್ಲಿ ಕಳೆದ ಕಾಲವನ್ನು ಇದರಿಂದ ಗುಣಿಸಿದರೆ ನೌಕೆಯ ಕಾಲ ಸಿಗುತ್ತದೆ. ವೇಗ ಬೆಳಕಿನ 0.8ರಷ್ಟಿದ್ದರೆ ಉತ್ತರ 0.6. ಊರಿನಲ್ಲಿ 10 ವರ್ಷವಾದಾಗ ಪಯಣಿಗನಿಗೆ 6 ವರ್ಷ.

ಇದು ಬರಿಯ ಕಥೆಯಲ್ಲ. 1971ರ ಅಕ್ಟೋಬರಿನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬಿಬ್ಬರು ಸೀಸಿಯಂ ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವಕ್ಕೆ ಹೋದವು ಸುಮಾರು 59 ನ್ಯಾನೋಸೆಕೆಂಡು ಹಿಂದೆ ಬಿದ್ದವು, ಪಶ್ಚಿಮಕ್ಕೆ ಹೋದವು ಸುಮಾರು 273 ನ್ಯಾನೋಸೆಕೆಂಡು ಮುಂದೆ ಹೋದವು. ವೇಗ ಮತ್ತು ಗುರುತ್ವ ಎರಡರ ಪರಿಣಾಮವನ್ನೂ ಕೂಡಿಸಿದರೆ ಸಿದ್ಧಾಂತ ಹೇಳುವುದೂ ಇದನ್ನೇ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳಲ್ಲಿ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡಿನ ಇಂಥ ತಿದ್ದುಪಡಿ ಇಲ್ಲದಿದ್ದರೆ ಮೊಬೈಲಿನ ನಕಾಶೆ ದಾರಿ ತಪ್ಪಿಸುತ್ತದೆ.

ತರಗತಿಯಲ್ಲಿ ಇದನ್ನು ಹೇಳಿದಾಗ ಯಾರಾದರೊಬ್ಬರು ರೇವತಿಯ ಕಥೆಯನ್ನು ಎತ್ತುವುದು ನಿಶ್ಚಿತ. ಮಗಳಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಕಕುದ್ಮಿ ಅಲ್ಲಿ ಸ್ವಲ್ಪ ಹೊತ್ತು ಕಾದು ಮರಳುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವು. ಕೊನೆಗೆ ರೇವತಿಯ ಮದುವೆ ಬಲರಾಮನ ಜೊತೆ ಆಯಿತು. ಎಂಥ ಸುಂದರ ಕಲ್ಪನೆ! ಅದನ್ನು ಕೊಂಡಾಡಿ. ಆದರೆ ಎಷ್ಟು ವೇಗಕ್ಕೆ ಎಷ್ಟು ಕಾಲ ಎಂದು ಅದು ಹೇಳುವುದಿಲ್ಲ, ಗಡಿಯಾರವಿಟ್ಟು ಪರೀಕ್ಷಿಸಲೂ ಬರುವುದಿಲ್ಲ. ಕಲ್ಪನೆಗೆ ಕೊಡಬೇಕಾದ ಗೌರವ ಒಂದು, ಅಳತೆಗೆ ಕೊಡಬೇಕಾದ ಗೌರವ ಇನ್ನೊಂದು.

ಹಾಲ್ಡೆಮನ್ ಕಾದಂಬರಿಯನ್ನೂ ಅದೇ ಒರೆಗೆ ಹಚ್ಚೋಣ. 3143ರಲ್ಲಿ ಮರಳಿದ ಮಂಡೆಲಾನಿಗೆ 2878ರಲ್ಲಿ ಅವನ ಗೆಳತಿ ಬರೆದಿಟ್ಟ ಕಾಗದ ಸಿಗುತ್ತದೆ. ಅವನು ಬರುವತನಕ ತಾನು ಮುದುಕಿಯಾಗಬಾರದೆಂದು ಅವಳು ಒಂದು ನೌಕೆಯಲ್ಲಿ ಐದು ಜ್ಯೋತಿರ್ವರ್ಷ ಹೋಗಿ ಬಂದು, ಮತ್ತೆ ಹೋಗಿ ಬಂದು ಮಾಡುತ್ತಿದ್ದಾಳೆ. ಹತ್ತು ವರ್ಷಕ್ಕೆ ಅವಳಿಗೆ ಒಂದು ತಿಂಗಳು ವಯಸ್ಸಾಗುತ್ತದೆ. 265 ವರ್ಷಕ್ಕೆ ಸುಮಾರು 26 ತಿಂಗಳು. ಹತ್ತು ವರ್ಷವೆಂದರೆ 120 ತಿಂಗಳು. ಕಾಲ 120 ಪಟ್ಟು ಹಿಗ್ಗಬೇಕಾದರೆ ವೇಗ ಬೆಳಕಿನ 0.999965ರಷ್ಟಿರಬೇಕು, ಅಂದರೆ ಬೆಳಕಿಗಿಂತ ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ಮಾತ್ರ ಕಡಿಮೆ. ಇಲ್ಲಿಯವರೆಗೆ ಸರಿ. ಆದರೆ ನೌಕೆ ವೇಗ ಪಡೆಯಬೇಕು, ನಿಲ್ಲಬೇಕು, ತಿರುಗಬೇಕು. ದಾರಿಯುದ್ದಕ್ಕೂ ಒಂದೇ ಸಮನೆ ವೇಗ ಹೆಚ್ಚಿಸುತ್ತ, ಮತ್ತೆ ತಗ್ಗಿಸುತ್ತ ಹೋದರೂ ಬೇಕಾಗುವ ವೇಗೋತ್ಕರ್ಷ ಭೂಗುರುತ್ವದ ಸುಮಾರು 350 ಪಟ್ಟು. 50 ಕಿಲೋಗ್ರಾಂ ತೂಗುವ ಹೆಣ್ಣುಮಗಳಿಗೆ ತನ್ನ ಮೈ 17 ಟನ್ನಿಗೂ ಮೀರಿ ಭಾರವೆನಿಸುತ್ತದೆ. ಸೂತ್ರ ಒಪ್ಪುತ್ತದೆ, ಮೂಳೆ ಒಪ್ಪುವುದಿಲ್ಲ. ಭೌತವಿಜ್ಞಾನ ಓದಿದ ಲೇಖಕರಿಗೆ ಇದು ತಿಳಿಯದೆ ಇರಲಾರದು. ಬಹುಶಃ ಆ ಕಾಗದವನ್ನು ಬಿಟ್ಟುಕೊಡಲು ಅವರಿಗೆ ಮನಸ್ಸಾಗಲಿಲ್ಲ. ನನಗೂ ಆಗುತ್ತಿರಲಿಲ್ಲ.

ಇಂಥ ಕಥೆಗಳ ಓದುಗರು ಸುಮ್ಮನೆ ಕೂತವರಲ್ಲ. ಭಾರತದಲ್ಲಿ ಸೇವೆ ಸಲ್ಲಿಸಿ, 1857ರ ದೆಹಲಿ ಮುತ್ತಿಗೆಯಲ್ಲಿ ಗಾಯಗೊಂಡಿದ್ದ ಬಂಗಾಳ ಎಂಜಿನಿಯರ್ಸ್ ಪಡೆಯ ಜಾರ್ಜ್ ಚೆಸ್ನಿ 1871ರ ಮೇ ತಿಂಗಳಲ್ಲಿ ಜರ್ಮನರು ಇಂಗ್ಲೆಂಡನ್ನು ಗೆದ್ದುಕೊಂಡಂತೆ ಒಂದು ಕಥೆಯನ್ನು ಹೆಸರು ಹಾಕದೆ ಪ್ರಕಟಿಸಿದರು. 'ದಿ ಬ್ಯಾಟಲ್ ಆಫ್ ಡಾರ್ಕಿಂಗ್' ಎಂಬ ಆ ಕಥೆ ಎಷ್ಟು ಗಾಬರಿ ಹುಟ್ಟಿಸಿತೆಂದರೆ ಪ್ರಧಾನಿ ಗ್ಲಾಡ್‌ಸ್ಟನ್ ಸಾರ್ವಜನಿಕ ಭಾಷಣದಲ್ಲಿ ಅದರ ವಿರುದ್ಧ ಜನರನ್ನು ಎಚ್ಚರಿಸಬೇಕಾಯಿತು. ಎಚ್.ಜಿ. ವೆಲ್ಸ್ 1914ರ ಒಂದು ಕಾದಂಬರಿಯಲ್ಲಿ 'ಪರಮಾಣು ಬಾಂಬ್' ಎಂಬ ಮಾತನ್ನು ಬಳಸಿದರು. 1932ರಲ್ಲಿ ಅದನ್ನು ಓದಿದ ಲಿಯೋ ಸಿಲಾರ್ಡ್ ಮರುವರ್ಷ ಲಂಡನ್ನಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಸರಣಿ ಕ್ರಿಯೆಯ ಕಲ್ಪನೆಗೆ ಬಂದರು. ಅದರ ಪೇಟೆಂಟು ಬಹಿರಂಗವಾಗದಂತೆ ಬ್ರಿಟಿಷ್ ನೌಕಾಪಡೆಗೆ ಒಪ್ಪಿಸಿದರು. 1945ರ ಜುಲೈನಲ್ಲಿ ಬಾಂಬನ್ನು ಜಪಾನಿನ ಮೇಲೆ ಹಾಕುವ ಮುನ್ನ ಯೋಚಿಸಿರೆಂದು ಸಹವಿಜ್ಞಾನಿಗಳ ಸಹಿ ಸಂಗ್ರಹಿಸಿದವರೂ ಅವರೇ. ಕಥೆಯ ಕೊನೆ ಹೇಗಿದೆಯೆಂದು ಅವರು ಮೊದಲೇ ಓದಿದ್ದರು.

'ಸ್ಟಾರ್‌ಶಿಪ್ ಟ್ರೂಪರ್ಸ್' ಅಮೆರಿಕದ ಮರೀನ್ ಪಡೆಯ ಓದಿನ ಪಟ್ಟಿಯಲ್ಲಿ ಸ್ಥಾನ ಪಡೆದಿತ್ತು. 1997ರಲ್ಲಿ ಅದನ್ನು ಚಲನಚಿತ್ರ ಮಾಡಿದ ಪಾಲ್ ವರ್ಹೋವೆನ್ ಇಡೀ ಕಥೆಯನ್ನು ಅಣಕವಾಗಿಸಿದರು. ನಾಜಿಗಳ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಬಾಲ್ಯ ಕಳೆದ ಅವರಿಗೆ ಪುಸ್ತಕವನ್ನು ಪೂರ್ತಿ ಓದುವುದೇ ಆಗಲಿಲ್ಲವಂತೆ. ಓದದೆ ಚಿತ್ರ ಮಾಡಿದ್ದನ್ನು ನಾನು ಮೆಚ್ಚಲಾರೆ. ಆದರೆ ಏಕೆ ಓದಲಾಗಲಿಲ್ಲವೆಂಬುದು ಅರ್ಥವಾಗುತ್ತದೆ.

ಯುದ್ಧದ ಬರಹವನ್ನು ಯಾರು ಓದುತ್ತಾರೆಂಬ ಪ್ರಶ್ನೆ ಭೀಮಾ ತೀರಕ್ಕೆ ಹೊಸದಲ್ಲ. ಚೌಡಾಪುರದ ಸೀಮೆಯನ್ನು ದಾಟಿ ನದಿ ಕೆಳಕ್ಕೆ ಹರಿದಾಗ ಚಿತ್ತಾಪುರ ತಾಲ್ಲೂಕಿನ ಸನ್ನತಿ ಸಿಗುತ್ತದೆ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾದರು ಎಂದು ಅಶೋಕ ಪಶ್ಚಾತ್ತಾಪ ಪಡುವುದು ಅವನ 13ನೆಯ ಶಿಲಾಶಾಸನದಲ್ಲಿ. ಸೋತ ಕಳಿಂಗದಲ್ಲಿಯೇ, ಧೌಳಿ ಮತ್ತು ಜೌಗಡದಲ್ಲಿ, ಆ ಶಾಸನವಿಲ್ಲ! ಅದರ ಬದಲು ಜನರನ್ನು ಕಾರಣವಿಲ್ಲದೆ ಬಂಧಿಸಬಾರದೆಂದು ಅಧಿಕಾರಿಗಳಿಗೆ ಹೇಳುವ ಎರಡು ಪ್ರತ್ಯೇಕ ಶಾಸನಗಳಿವೆ. ಸನ್ನತಿಯಲ್ಲಿ ದೊರೆತ ಕಲ್ಲಿನ ಮೇಲೂ 12 ಮತ್ತು 14ನೆಯ ಶಾಸನಗಳ ಜೊತೆಗೆ ಆ ಎರಡು ಪ್ರತ್ಯೇಕ ಶಾಸನಗಳೇ ಇವೆ. ಬಂಧುಗಳನ್ನು ಕಳೆದುಕೊಂಡವರ ಮುಂದೆ ಲೆಕ್ಕ ಓದಬಾರದೆಂದು ಕೆತ್ತಿಸಿದವರಿಗೆ ಅನ್ನಿಸಿರಬಹುದೆಂದು ಊಹಿಸುವವರಿದ್ದಾರೆ.

ಆ ದಿನ ಶಾಲೆಯ ಪಡಸಾಲೆಯಲ್ಲಿ ಊರಿನ ಹಿರಿಯರೊಬ್ಬರು ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳಲ್ಲಿ ಗಡಿಯಾಚೆ ಸೊಲ್ಲಾಪುರದ ಕಡೆ ಹೋದ ಎಷ್ಟೋ ಕುಟುಂಬಗಳಲ್ಲಿ ಅವರದೂ ಒಂದು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ದಿಕ್ಕಿನಿಂದ ನಳದುರ್ಗದ ಮೇಲೆ ಸಾಗಿದಾಗ ಅವರು ಸಣ್ಣ ಹುಡುಗ. ಐದು ದಿನಗಳಲ್ಲಿ ಕಾರ್ಯಾಚರಣೆ ಮುಗಿಯಿತು. ಊರಿಗೆ ಮರಳಿದಾಗ ಮನೆಗೆ ಬಾಗಿಲ ಚೌಕಟ್ಟೂ ಇರಲಿಲ್ಲವೆಂದು ಹೇಳಿದರು.

"ಆ ಅಂಗಿ ಗಿಂಗಿ ಇರಲಿ ಮಾಸ್ತರ, ಹೊಳ್ಳಿ ಬಂದವಗ ಮನಿ ಗುರ್ತು ಹತ್ತಲಿಲ್ಲ ಅಂದ್ರೆಲ್ಲ, ಅದು ಖರೇ ಅದ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಆ ಹೆಣಮಗಳು ಎರಡನೂರಾ ಅರವತ್ತೈದು ವರ್ಷ ಬುತ್ತಿ ಏನ್ ಕಟ್ಕೊಂಡಿದ್ಲಿ?"

ಇಪ್ಪತ್ತಾರು ತಿಂಗಳ ಬುತ್ತಿ ಸಾಕಿತ್ತು ಅಜ್ಜಾ ಎಂದು ಆ ಹುಡುಗಿಯೇ ಕರಿಹಲಗೆಯ ಮುಂದೆ ನಿಂತು ಅವರಿಗೆ ಲೆಕ್ಕ ಬಿಡಿಸಿ ಹೇಳಿದಳು.